ಸಹಾಯ ಬೇಕು: ಮೋಡ ಬಿತ್ತನೆ ಫ್ಲೇರ್ ಮಾರಾಟಕ್ಕೆ ಲೈಸೆನ್ಸ್, ಮಂಗಳೂರು

ಎಲ್ಲರಿಗೂ ನಮಸ್ಕಾರ. ಮೋಡ ಬಿತ್ತನೆಯ ಫ್ಲೇರ್ ಮತ್ತು ನೆಲದಿಂದ ಉರಿಸುವ ಜನರೇಟರ್ (ದ್ರಾವಣ ಉರಿಸಿ ಹೊಗೆಯನ್ನು ಮೋಡದತ್ತ ಬಿಡುವ ಯಂತ್ರ) ತರಿಸಿ ಮಾರಲು ಕಾಗದಪತ್ರ ತಯಾರಾಗುತ್ತಿದೆ. ಎರಡು ಕಡೆ ಗಂಟು ಬಿದ್ದಿದೆ.

ಫ್ಲೇರ್ ಎಂದರೆ ಮಳೆ ಬರಿಸಲು ಮೋಡಕ್ಕೆ ಬಿಡುವ ಸಿಲ್ವರ್ ಅಯೋಡೈಡ್ ಜತೆ ಆಕ್ಸಿಡೈಸರ್ (ಉರಿಯಲು ಆಮ್ಲಜನಕ ಕೊಡುವ ವಸ್ತು), ಇಂಧನ ಸೇರಿಸಿ ಗಟ್ಟಿಯಾಗಿ ತುಂಬಿದ ಕೊಳವೆ. ತುದಿಯಲ್ಲಿ ಅದನ್ನು ಹೊತ್ತಿಸುವ ಇಗ್ನೈಟರಿನ ಎರಡು ವಯರು. ವಿಮಾನಕ್ಕೆ ಜೋಡಿಸುವ ತನಕ ಆ ವಯರುಗಳನ್ನು ಒಟ್ಟಿಗೆ ಹೊಸೆದೇ ಇಡಬೇಕು, ಇಲ್ಲವಾದರೆ ಸ್ಥಾಯಿ ವಿದ್ಯುತ್ತಿಗೇ ಹೊತ್ತಿಕೊಳ್ಳಬಹುದು. ಹಾಗಾಗಿ ಇದು ಸ್ಫೋಟಕ ನಿಯಮಾವಳಿ 2008ರ ವ್ಯಾಪ್ತಿಗೆ ಬರುತ್ತದೆ. ‘ಕೃಷಿ ಉಪಕರಣ’ ಎಂದು ಬರೆದು ಪಣಂಬೂರು ಬಂದರಿನಲ್ಲಿ ಇಳಿಸುವ ಸಲಹೆಯನ್ನು ದಯವಿಟ್ಟು ಯಾರೂ ಕೊಡಬೇಡಿ, ಅದು ಅಪಾಯ.

ಮೊದಲ ಪ್ರಶ್ನೆ: ಗೋದಾಮಿಗೆ ಜಿಲ್ಲಾಧಿಕಾರಿಗಳ ಎನ್‌ಒಸಿ ಮೊದಲೋ, ಪೆಸೊದಲ್ಲಿ (ಸ್ಫೋಟಕಗಳಿಗೆ ಲೈಸೆನ್ಸ್ ಕೊಡುವ ಕೇಂದ್ರ ಸಂಸ್ಥೆ) ಆಮದು ಅರ್ಜಿ ಮೊದಲೋ? ಬೈಕಂಪಾಡಿ ಕಡೆ ಸುರಕ್ಷಿತ ಅಂತರ ಸಿಗುವ ಜಾಗ ಇದೆಯೇ?

ಎರಡನೆಯದು ಜನರೇಟರ್. ಸಿಲ್ವರ್ ಅಯೋಡೈಡ್ ಬರೀ ಅಸಿಟೋನಿನಲ್ಲಿ ಕರಗುವುದಿಲ್ಲ, ಸೋಡಿಯಂ ಅಥವಾ ಅಮೋನಿಯಂ ಅಯೋಡೈಡ್ ಬೇಕು. ದ್ರಾವಣವನ್ನು ಇಲ್ಲೇ ಬೆರೆಸಿ ಮಾರಿದರೆ ಅದು ತಯಾರಿಕೆ ಎನಿಸಿಕೊಳ್ಳುತ್ತದೆಯೇ?

ಈ ಅರ್ಜಿಗಳನ್ನು ಖುದ್ದಾಗಿ ಹಾಕಿದವರು ಇದ್ದರೆ ಫಾರ್ಮುಗಳ ಕ್ರಮ ತಿಳಿಸಿ, ತುಂಬಾ ಉಪಕಾರವಾಗುತ್ತದೆ.