ಟವೆಲ್ ಯಾರದು, ಸೀಟು ಯಾರದು?

ಟಿವಿಯಲ್ಲಿ ‘ಶಾಸಕ ಅನರ್ಹ?’ ಅಂತ ಕೆಂಪು ಅಕ್ಷರ ಓಡುತ್ತಿತ್ತು. ಯಾವ ಊರಿನ ಶಾಸಕ ಅಂತ ಓದೋಷ್ಟರಲ್ಲಿ ಜಾಹೀರಾತು ಬಂತು.

“ಅನರ್ಹ ಅಂದ್ರೆ ನನಗೆ ಎರಡು ಕೋಟ್ ಸುಣ್ಣ, ಅಷ್ಟೇ” ಅಂದರು ಪೇಂಟರ್ ಮಾಮಾ, ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಡುತ್ತಾ.

ಮಸ್ಕಿ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಸಂಜೆ ನಮ್ಮದು ಖಾಯಂ ಬೆಂಚು. ಒಂದು ತುದಿಗೆ ರಿಟೈರ್ ಆದ ಮಾಸ್ತರ್ರು, ಇನ್ನೊಂದು ತುದಿಗೆ ವಕೀಲ್ರು, ನಡುವೆ ನಾನು ಮತ್ತು ಮಾಮಾ. ನಾಲ್ಕು ಪ್ಲೇಟ್ ವಗ್ಗರಣೆ, ಎಂಟು ಮಿರ್ಚಿ, ಆಮೇಲೆ ಚಾ. ಬಿಲ್ಲು ಯಾರು ಕೊಡಬೇಕು ಅನ್ನೋದು ಮಾತ್ರ ಇವತ್ತಿಗೂ ತೀರ್ಮಾನ ಆಗಿಲ್ಲ.

ಮಾಮಾನ ಸುಣ್ಣದ ಲೆಕ್ಕ ಹೀಗಿದೆ. 2018ರ ಚುನಾವಣೆಗೆ ಒಂದು ಗೋಡೆ ಮೇಲೆ ಪ್ರತಾಪಗೌಡ ಪಾಟೀಲರ ಹೆಸರು ಬರೆದು ಪಕ್ಕದಲ್ಲಿ ಕೈ ಬರೆದರು. ಎದುರು ಗೋಡೆಗೆ ಬಸನಗೌಡ ತುರ್ವಿಹಾಳರ ಹೆಸರು, ಪಕ್ಕದಲ್ಲಿ ಕಮಲ. ಕೈ ಗೆದ್ದಿತು, ಬರೀ 213 ಮತದಲ್ಲಿ. 2021ಕ್ಕೆ ಉಪಚುನಾವಣೆ ಬಂತು. ಅದೇ ಎರಡು ಗೋಡೆ, ಅದೇ ಎರಡು ಹೆಸರು. ಗುರುತು ಮಾತ್ರ ಅದಲು ಬದಲು.

“ಮಾಸಿದ್ದ ಹೆಸರಿಗೇ ಇನ್ನೊಂದು ಸಲ ಬಣ್ಣ ತೀಡಿದೆ ತಮ್ಮಾ. ಕೈ ಇದ್ದಲ್ಲಿ ಸುಣ್ಣ ಹೊಡೆದು ಕಮಲ, ಕಮಲ ಇದ್ದಲ್ಲಿ ಕೈ. ಸುಣ್ಣ ಒಂದೇ ಕೋಟ್ ಹೊಡೆದಿದ್ದೆ. ಒಂದು ಅಡ್ಡಮಳೆ ಬಿತ್ತು ನೋಡು, ಕಮಲದ ಎರಡು ಎಸಳಿನ ನಡುವೆ ಹೆಬ್ಬೆರಳು ಇಣುಕಿತು! ಕಾರ್ಯಕರ್ತರು ಬಂದು ಬಾಯಿಗೆ ಬಂದಂಗೆ ಬೈದರು.”

“ಯಾವ ಪಕ್ಷದ ಕಾರ್ಯಕರ್ತರು?” ಅಂತ ಕೇಳಿದೆ.

“ಅದೇ ಗೊತ್ತಾಗಲಿಲ್ಲ. ಹೋದ ಸಲ ಅವರೇ ನಿಂತು ಆ ಹೆಬ್ಬೆರಳು ಬರೆಸಿದ್ದರು.”

ಮಾಸ್ತರ್ರು ಕನ್ನಡಕ ತೆಗೆದು ಒರೆಸಿಕೊಂಡರು. “2008ರಲ್ಲಿ ಪ್ರತಾಪಗೌಡರು ಇಲ್ಲಿ ಗೆದ್ದದ್ದೇ ಕಮಲದಿಂದ. 2013ಕ್ಕೆ ಕೈ ಆಯ್ತು. ಹಾಗಾಗಿ ಅದನ್ನ ಪಕ್ಷಾಂತರ ಅನ್ನಬಾರದು. ತವರುಮನೆಗೆ ಹೋದರು ಅನ್ನಬೇಕು.”

“ಕಾನೂನಿನಲ್ಲಿ ತವರುಮನೆ ಇಲ್ಲ ಮಾಸ್ತರ್ರೇ” ಅಂದರು ವಕೀಲ್ರು. ಇವರಿಗೆ ಕೋರ್ಟಿನಲ್ಲಿ ಮಾತಾಡೋ ಅವಕಾಶ ಕಡಿಮೆ, ಹಾಗಾಗಿ ಇಲ್ಲಿ ಜಾಸ್ತಿ. “ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯೋದು ನೋಡಿದ್ದೀರಲ್ಲ? ಶಾಸಕನ ಸೀಟೂ ಹಾಗೇ. ಟವೆಲ್ ಪಕ್ಷದ್ದು. ಕೂತ ಮೇಲೆ ಆ ಟವೆಲ್ ಬಿಸಾಕಿ ಬೇರೆ ಟವೆಲ್ ಹೆಗಲಿಗೆ ಹಾಕ್ಕೊಂಡರೆ ಕಂಡಕ್ಟರ್ ಇಳಿಸಬಹುದು. 1985ರಲ್ಲಿ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿಸಿದ್ದು ಇದಕ್ಕೇ.”

“ಕಂಡಕ್ಟರ್ ಯಾರು?”

“ಸ್ಪೀಕರ್.”

“ಅವರ ಹೆಗಲ ಮೇಲೆ ಟವೆಲ್ ಇರಲ್ವಾ?”

ವಕೀಲ್ರು ಚಾ ಕುಡಿದರು.

ಮೊದಲು ಒಂದು ಪಕ್ಷದ ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಎದ್ದು ಹೋದರೆ ‘ಒಡಕು’ ಅಂತ ಬಿಟ್ಟುಬಿಡುತ್ತಿದ್ದರಂತೆ. 2003ರ ತಿದ್ದುಪಡಿಯಲ್ಲಿ ಅದು ಹೋಯಿತು. ಈಗ ಮೂರನೇ ಎರಡು ಭಾಗ ಒಪ್ಪಿ ವಿಲೀನ ಆದರೆ ಮಾತ್ರ ಪಾರು.

“ಒಂದು ಮಿರ್ಚಿ ಕದ್ದರೆ ಕಳ್ಳ, ಬಾಣಲೆ ಸಮೇತ ಒಯ್ದರೆ ಕಾಂಟ್ರಾಕ್ಟರ್” ಅಂದರು ಒಲೆ ಹತ್ತಿರದಿಂದ ಹೋಟೆಲ್ ಕಾಕಾ. ನಮ್ಮ ಮಾತಿಗೆ ಅವರು ಕಿವಿಗೊಡೋದಿಲ್ಲ ಅಂತ ಎಲ್ಲರಿಗೂ ಹೇಳುತ್ತಾರೆ.

ನನಗೆ ಒಂದು ಡೌಟು ಬಂತು. “ಪಕ್ಷವೇ ಟವೆಲ್ ಕಿತ್ಕೊಂಡರೆ?”

“ಉಚ್ಚಾಟನೆನಾ? ಸೀಟು ಹೋಗಲ್ಲ. 2025ರಲ್ಲಿ ಬಿಜೆಪಿ ತನ್ನ ಶಾಸಕ ಯತ್ನಾಳರನ್ನ ಆರು ವರ್ಷಕ್ಕೆ ಹೊರಗೆ ಹಾಕಿತಲ್ಲ, ಶಾಸಕ ಸ್ಥಾನ ಹೋಯ್ತಾ? ತಾನಾಗಿ ಪಕ್ಷ ಬಿಟ್ಟರೆ, ಇಲ್ಲಾ ವಿಪ್, ಅಂದ್ರೆ ಹೀಗೇ ಮತ ಹಾಕಬೇಕು ಅನ್ನೋ ಪಕ್ಷದ ಆದೇಶ, ಮುರಿದರೆ ಮಾತ್ರ ಅನರ್ಹತೆ.”

“ಹಂಗಾದ್ರೆ ಬುದ್ಧಿ ಇದ್ದವನು ಮನೆ ಬಿಟ್ಟು ಹೋಗಬಾರದು. ಜಗಳ ಆಡಿ ಹೊರಗೆ ಹಾಕಿಸ್ಕೋಬೇಕು” ಅಂದರು ಮಾಮಾ. ಈ ಮಾತನ್ನ ಅವರು ಮನೆಯಲ್ಲೂ ಪ್ರಯೋಗ ಮಾಡಿದ್ದಾರೆ ಅಂತ ನನ್ನ ಗುಮಾನಿ.

ಆಮೇಲೆ 2019ರ ಲೆಕ್ಕ ಶುರುವಾಯಿತು. ಮಾಸ್ತರ್ರು ಗಣಿತದವರು. ಮಿರ್ಚಿ ತೊಟ್ಟುಗಳನ್ನ ಸಾಲಾಗಿ ಇಟ್ಟರು. “ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬಿದ್ದ ಮೇಲೆ ಸ್ಪೀಕರ್ ರಮೇಶ್ ಕುಮಾರ್ ಜುಲೈ 25ಕ್ಕೆ 3 ಜನ, 28ಕ್ಕೆ 14 ಜನ, ಒಟ್ಟು 17 ಶಾಸಕರನ್ನ ಅನರ್ಹ ಮಾಡಿದರು. ಹೋದವರಿಗೆ ಪಾಠ ಕಲಿಸಬೇಕು ಅಂತ. ಸರಿ. ಆದರೆ 224ರಲ್ಲಿ 17 ಹೋದರೆ 207. ಬಹುಮತಕ್ಕೆ 104 ಸಾಕು. ಬಿಜೆಪಿ ಕೈಯಲ್ಲಿ 105! ಮಾರನೇ ದಿನವೇ ಯಡಿಯೂರಪ್ಪ ವಿಶ್ವಾಸಮತ ಗೆದ್ದರು.”

“ಅಂದ್ರೆ ಪಾಠ ಹೇಳಿದವರ ಮನೆಯಲ್ಲೇ ಫೇಲ್” ಅಂದರು ಕಾಕಾ.

“2023ರವರೆಗೆ ಇವರು ಚುನಾವಣೆಗೆ ನಿಲ್ಲೋ ಹಾಗಿಲ್ಲ ಅಂತಲೂ ಸ್ಪೀಕರ್ ಹೇಳಿದ್ದರು. ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್, ಅನರ್ಹತೆ ಸರಿ, ನಿಲ್ಲಬಾರದು ಅನ್ನೋದು ತಪ್ಪು ಅಂದಿತು. ಡಿಸೆಂಬರ್ 5ಕ್ಕೆ 15 ಕಡೆ ಮತದಾನ, 12 ಬಿಜೆಪಿಗೆ. 2020ರ ಫೆಬ್ರವರಿಯಲ್ಲಿ ಗೆದ್ದು ಬಂದವರಲ್ಲಿ 10 ಜನ ಮಂತ್ರಿ, ನಮ್ಮ ಹೊಸಪೇಟೆಯ ಆನಂದ್ ಸಿಂಗ್ ಸೇರಿ.”

“ಕಂಡಕ್ಟರ್ ಇಳಿಸಿದ. ಮುಂದಿನ ಸ್ಟಾಪಿನಲ್ಲಿ ಡ್ರೈವರ್ ಪಕ್ಕದ ಸೀಟೇ ಸಿಕ್ತು” ಅಂದೆ. ಯಾರೂ ನಗಲಿಲ್ಲ. ಮಾಮಾ ಮಾತ್ರ ನನ್ನ ಪಾಲಿನ ಮಿರ್ಚಿ ತೆಗೆದುಕೊಂಡರು.

2010ರಲ್ಲೂ ಹೀಗೇ ಒಂದು ಆಗಿತ್ತು. ಆಗ ಸ್ಪೀಕರ್ ಬೋಪಯ್ಯ 16 ಜನರನ್ನ ಇಳಿಸಿದರು, ಯಡಿಯೂರಪ್ಪನವರ ಸರ್ಕಾರ ಉಳಿಯಿತು. ಮರುವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಇಳಿಸಿದ್ದೇ ತಪ್ಪು ಅಂದಿತು. ಅಷ್ಟರಲ್ಲಿ ಬಸ್ಸು ಎಷ್ಟೋ ಊರು ದಾಟಿತ್ತು.

2019ರ ಆ 17 ಜನರಲ್ಲಿ ನಮ್ಮ ಪ್ರತಾಪಗೌಡರೂ ಒಬ್ಬರು. ಆದರೆ ನಮ್ಮ ಮಸ್ಕಿ ಕಥೆ ಬೇರೆ. ಇಲ್ಲಿ ಬಸ್ಸೇ ಬರಲಿಲ್ಲ. 213 ಮತದ ಗೆಲುವಿನ ಮೇಲೆ ಹೈಕೋರ್ಟಿನಲ್ಲಿ ತಕರಾರು ಇತ್ತು ಅಂತ ಉಪಚುನಾವಣೆ ನಿಂತಿತು. 2019ರ ಜುಲೈನಿಂದ 2021ರ ಮೇ ತನಕ, 21 ತಿಂಗಳು ಊರಿಗೆ ಶಾಸಕರೇ ಇಲ್ಲ. ಹೊಲಕ್ಕೆ ನೀರು ತರೋ 5ಎ ಕಾಲುವೆ ಬೇಕು ಅಂತ ರೈತರು ಧರಣಿ ಕೂತರು. ಮದುವೆ ಕಾರ್ಡು ಕೊಡೋಕೂ ‘ಮಾಜಿ’ಗಳ ಮನೆಗೇ ಹೋಗಬೇಕು.

“ಈಗ ನನ್ನ ಪ್ರಶ್ನೆ” ಅಂದರು ಮಾಮಾ. “ಟವೆಲ್ ಬದಲಿಸಿದವನಿಗೆ ಕಾನೂನಿದೆ. ಆ ಹೊಸ ಟವೆಲ್ ಹಿಡ್ಕೊಂಡು ಬಾಗಿಲಲ್ಲಿ ಮೊದಲಿಂದ ನಿಂತಿದ್ದನಲ್ಲ, ಅವನ ಗತಿ?”

ಇದು ಸರಿಯಾದ ಪ್ರಶ್ನೆ. ಬೆಂಗಳೂರಿನ ಚರ್ಚೆಗಳಲ್ಲಿ ಸ್ಪೀಕರ್, ಕೋರ್ಟು, ರೆಸಾರ್ಟು ಅಷ್ಟೇ ಬರುತ್ತೆ. ಹೊರಗಿನಿಂದ ಬಂದವನಿಗೆ ಟಿಕೆಟ್ ಸಿಕ್ಕ ದಿನ ಅದೇ ಪಕ್ಷದಲ್ಲಿ ಸೋತು, ಬೆವರು ಸುರಿಸಿ ಕಾದವನು ಬೀದಿಗೆ ಬೀಳುತ್ತಾನೆ. ಅವನೇನು ಸುಮ್ನೆ ಕೂರುತ್ತಾನಾ? ಅವನೂ ಎದುರು ಮನೆಗೆ ಹೋಗುತ್ತಾನೆ. ಅವನಿಗೆ ಅನರ್ಹತೆ ಇಲ್ಲ, ಯಾಕೆಂದರೆ ಸೀಟೇ ಇರಲಿಲ್ಲ. ತುರ್ವಿಹಾಳರು ಹಾಗೆ ಕಾಂಗ್ರೆಸ್ಸಿಗೆ ಹೋಗಿ, 213ರಲ್ಲಿ ಸೋತವರು 30 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. 2023ಕ್ಕೆ ಮತ್ತೆ ಅವರೇ.

“ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಹಾಗೆ” ಅಂದರು ಮಾಸ್ತರ್ರು. “2024ರ ಆಗಸ್ಟಿನಲ್ಲಿ ಕಿತ್ತುಹೋದದ್ದು ಒಂದೇ ಗೇಟು. ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದರು. ಆದರೆ ಆವತ್ತಿನಿಂದ ಉಳಿದ 32ನ್ನೂ ಬಡಿದು ಬಡಿದು ನೋಡೋ ಹಾಗಾಯ್ತು. ಒಬ್ಬ ಹೋದರೆ ಪಕ್ಷದವರು ಉಳಿದವರ ಫೋನ್ ಸ್ವಿಚ್ ಆಫ್ ಆಗಿದೆಯಾ ಅಂತ ನೋಡ್ತಾ ಇರ್ತಾರೆ.”

“ಗಂಗಾವತಿದು ಏನದು ಹಂಗಾದ್ರೆ?” ಅಂದರು ಕಾಕಾ. “ಅವರು ಟವೆಲ್ ಬದಲಿಸಿದ್ದಕ್ಕಲ್ಲವಲ್ಲ?”

“ಅದು ಕಂಡಕ್ಟರ್ ಕೆಲಸ ಅಲ್ಲ, ಚೆಕಿಂಗ್‌ನವರದು” ಅಂದರು ವಕೀಲ್ರು. ಎರಡು ವರ್ಷ ಅಥವಾ ಮೇಲೆ ಶಿಕ್ಷೆ ಆದರೆ ಸ್ಥಾನ ಹೋಗುತ್ತೆ. ಮೊದಲು ಮೇಲ್ಮನವಿಗೆ ಮೂರು ತಿಂಗಳ ರಿಯಾಯಿತಿ ಇತ್ತು, 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕಿತು. 2025ರ ಮೇ ತಿಂಗಳಲ್ಲಿ ಓಬಳಾಪುರಂ ಗಣಿ ಕೇಸಿನಲ್ಲಿ ಗಂಗಾವತಿ ಶಾಸಕ ಜನಾರ್ದನ ರೆಡ್ಡಿಯವರಿಗೆ ಏಳು ವರ್ಷ ಶಿಕ್ಷೆ ಆಗಿ ಸ್ಥಾನ ಹೋಯಿತು. ಜೂನಿನಲ್ಲಿ ತೆಲಂಗಾಣ ಹೈಕೋರ್ಟ್ ತಡೆ ಕೊಟ್ಟ ಮೇಲೆ ವಾಪಸ್ ಬಂತು.

“ಅಷ್ಟರಲ್ಲಿ ಗಂಗಾವತಿ ಪೇಂಟರ್ ಫೋನ್ ಮಾಡಿದ್ದ” ಅಂದರು ಮಾಮಾ. “ಸುಣ್ಣ ನೆನೆಸಲಾ ಬೇಡವಾ ಅಂತ. ತಡಿ, ಮೊದಲು ಹೈಕೋರ್ಟ್ ನೋಡು ಅಂದೆ.”

ಕತ್ತಲಾಗುತ್ತಿತ್ತು. ಮಾಸ್ತರ್ರು ಗುಡ್ಡದ ಕಡೆ ಕೈ ತೋರಿಸಿದರು. “ನೋಡಪ್ಪಾ, ನಿನಗಿಂತ ಮೊದಲು ಈ ಊರಲ್ಲಿ ಕಲ್ಲಿನ ಮೇಲೆ ಹೆಸರು ಬರೆಸಿದವನು ಅಶೋಕ. 1915ರಲ್ಲಿ ಸಿಕ್ಕ ಶಾಸನ. ಅವನ ಹೆಸರಿಗೆ ಇವತ್ತಿಗೂ ಯಾರೂ ಸುಣ್ಣ ಹೊಡೆದಿಲ್ಲ.”

“ಹೆಸರು ಸರಿ. ಗುರುತು ಯಾವುದು?” ಅಂತ ಮಾಮಾ ಕೇಳಿದರು.

ಮಾಸ್ತರ್ರು ಜೇಬಿನಿಂದ ಐನೂರರ ನೋಟು ತೆಗೆದು ಅಂಚಿನ ಸಿಂಹಗಳನ್ನ ತೋರಿಸಿದರು.

“ಹಂಗಾದ್ರೆ ಬಿಡ್ರಿ, ಎಲ್ಲಾ ಪಕ್ಷದಿಂದಲೂ ಗೆಲ್ಲೋನು ಇವನೇ!”

ನಾವು ನಕ್ಕು ಮುಗಿಸೋಷ್ಟರಲ್ಲಿ ಕಾಕಾ ಬಂದು ಆ ನೋಟು ತೆಗೆದುಕೊಂಡು ಗಲ್ಲಾಕ್ಕೆ ಹಾಕಿದರು. ಹಳೇ ಬಾಕಿ ಸೇರಿ ಇನ್ನೂ ಅರವತ್ತು ರೂಪಾಯಿ ಬರಬೇಕಂತೆ.