ರವಿ, ದೇಶ ಎಣಿಸಬೇಡ, ಗಡಿ ಎಣಿಸು

ರವಿ, ನಿನ್ನ ಪ್ಲಾನ್ ಓದಿದೆ. ಉತ್ತರ ಉದ್ದ ಉಂಟು, ಟೈಪ್ ಮಾಡ್ತಾ ಕೂತರೆ ಮುಗಿಯುವುದಿಲ್ಲ, ಹಾಗಾಗಿ ಮಾತಾಡಿಯೇ ಈ ಮನೆಯವರ ಗ್ರೂಪಿಗೆ ಕಳಿಸ್ತೇನೆ. ಅಬುಧಾಬಿಯಿಂದ ನಿನ್ನದೇ ಕಾರು, ಮೊದಲು ಸೌದಿ, ಅಲ್ಲಿಂದ ಕತಾರ್, ಬಹ್ರೇನ್, ವಾಪಸ್ ಬಂದು ಒಮಾನಿನಲ್ಲಿ ಸಲಾಲಾದವರೆಗೆ. ನೀನು, ಸುಮಾ, ಸಣ್ಣವನು, ಮತ್ತೆ ಊರಿನಿಂದ, ಬದಿಯಡ್ಕದಿಂದ, ವಿಸಿಟ್ ವೀಸಾದಲ್ಲಿ ಬರುವ ಅಪ್ಪಚ್ಚಿ, ಚಿಕ್ಕಮ್ಮ. ಸರಿಯಾ? ನೀನು ಕೇಳಿದ್ದು ಯಾವ ದೇಶಕ್ಕೆ ಎಷ್ಟು ದಿನ ಇಡುವುದು ಅಂತ. ಅದು ಆಮೇಲೆ ಮಾರಾಯ. ಮೊದಲು ಒಂದು ಕಾಗದ ತೆಗೆದುಕೊಂಡು ಗಡಿ ದಾಟುವುದನ್ನು ಒಂದೊಂದಾಗಿ ಬರಿ.

ಕತಾರ್‌ಗೂ ಬಹ್ರೇನ್‌ಗೂ ನಡುವೆ ಕಾರು ಹೋಗುವ ರಸ್ತೆ ಇಲ್ಲ. ಎರಡಕ್ಕೂ ದಾರಿ ಸೌದಿಯಿಂದಲೇ. ಎರಡು ಮನೆಗೆ ಒಂದೇ ಅಂಗಳ ಇದ್ದ ಹಾಗೆ, ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅಂಗಳಕ್ಕೆ ಇಳಿಯಲೇಬೇಕು. ಹಾಗಾಗಿ ಲೆಕ್ಕ ಹೀಗೆ ಬರ್ತದೆ: ಯುಎಇ ಬದಿಯ ಗುವೈಫಾತ್ ದಾಟಿ ಬತ್ಹಾದಲ್ಲಿ ಸೌದಿಗೆ ಒಂದನೇ ಸಲ, ಸೌದಿ ಬದಿಯ ಸಲ್ವಾ ದಾಟಿ ಅಬು ಸಮ್ರಾದಲ್ಲಿ ಕತಾರ್, ಅದೇ ದಾರಿಯಲ್ಲಿ ವಾಪಸ್ ಸೌದಿಗೆ ಎರಡನೇ ಸಲ, ಖೋಬಾರ್‌ನಿಂದ ಕಾಸ್‌ವೇ, ಅಂದರೆ ಸಮುದ್ರದ ಸೇತುವೆ, ಅದರ ಮೇಲೆ ಬಹ್ರೇನ್, ಅಲ್ಲಿಂದ ಸೌದಿಗೆ ಮೂರನೇ ಸಲ, ಆಮೇಲೆ ಬತ್ಹಾದಿಂದ ಮನೆಗೆ. ಇಷ್ಟಕ್ಕೇ ಆರು ಗಡಿ. ಒಮಾನ್ ಹೋಗಿ ಬಂದರೆ ಎಂಟು. ಪ್ರತಿ ಗಡಿಯಲ್ಲೂ ಬಿಡುವ ದೇಶದ ಕಿಟಕಿ ಒಂದು, ಸೇರುವ ದೇಶದ ಕಿಟಕಿ ಒಂದು, ಕಸ್ಟಮ್ಸ್ ಬೇರೆ, ಇನ್ಶೂರೆನ್ಸ್ ಬೇರೆ. ನೀನು ಗೂಗಲ್ ಮ್ಯಾಪ್‌ನ ಗಂಟೆ ನೋಡಿ ಹೋಟೆಲ್ ಬುಕ್ ಮಾಡಿದ್ದಿ, ಮ್ಯಾಪ್ ಈ ಕಿಟಕಿಗಳನ್ನು ಎಣಿಸುವುದಿಲ್ಲ. ಗಡಿ ಇರುವ ದಿನಕ್ಕೆ ಕಡಿಮೆಯೆಂದರೂ ಮೂರು ಗಂಟೆ ಸೇರಿಸು, ಒಂದೇ ದಿನ ಎರಡು ಗಡಿ ಇಡಬೇಡ.

ಈ ಲೆಕ್ಕದಿಂದ ಮೊದಲು ಗೊತ್ತಾಗುವುದು ನಿನಗೆ ಸೌದಿ ವೀಸಾ ಮಲ್ಟಿಪಲ್ ಎಂಟ್ರಿಯೇ ಬೇಕು ಅಂತ. ಸಿಂಗಲ್ ತೆಗೆದರೆ ಕತಾರ್‌ಗೆ ಹೊರಟ ಗಳಿಗೆಗೆ ಅದು ಮುಗೀತು, ಅಬು ಸಮ್ರಾದಿಂದ ಈಚೆ ಬರ್ಲಿಕ್ಕೆ ದಾರಿಯಿಲ್ಲ. ಗಲ್ಫಿನ ರೆಸಿಡೆನ್ಸ್ ಇರುವವರಿಗೆ ಆನ್‌ಲೈನಿನಲ್ಲಿ ಸಿಗ್ತದೆ, ರೆಸಿಡೆನ್ಸ್ ಕಡಿಮೆಯೆಂದರೆ ಮೂರು ತಿಂಗಳು, ಪಾಸ್‌ಪೋರ್ಟ್ ಆರು ತಿಂಗಳು ಬಾಕಿ ಇರಬೇಕು. ಸಣ್ಣವನ ಪಾಸ್‌ಪೋರ್ಟ್ ತೆಗೆದು ನೋಡು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ, ಹಾಗಾಗಿ ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲಿ.

ಇನ್ನು ಅಪ್ಪಚ್ಚಿ, ಚಿಕ್ಕಮ್ಮನ ವಿಷಯ. ನಿಮಗೆ ಎಮಿರೇಟ್ಸ್ ಐಡಿ, ಅಂದರೆ ಯುಎಇಯ ರೆಸಿಡೆನ್ಸ್ ಕಾರ್ಡ್ ಉಂಟು, ಅವರಿಗೆ ಇಲ್ಲ. ನಿಮಗೆ ಸಲೀಸಾದ ಗಡಿ ಅವರಿಗೆ ಸಲೀಸಲ್ಲ. ಅವರು ಬರೀ ಇಂಡಿಯನ್ ಪಾಸ್‌ಪೋರ್ಟಿನವರು, ಸೌದಿ ವೀಸಾದ ಕೆಲಸ ಊರಿನಲ್ಲಿರುವಾಗಲೇ ಮುಗಿಸಬೇಕು. ಅದಕ್ಕಿಂತ ದೊಡ್ಡ ತಲೆನೋವು ಅವರ ಯುಎಇ ವೀಸಾ. ಸಿಂಗಲ್ ಎಂಟ್ರಿ ವಿಸಿಟ್ ವೀಸಾ ಆದರೆ ಒಂದು ಸಲ ಯುಎಇಯಿಂದ ಹೊರಗೆ ಕಾಲಿಟ್ಟ ಮೇಲೆ ದಿನ ಎಷ್ಟು ಬಾಕಿ ಇದ್ದರೂ ಅದು ಸತ್ತ ಹಾಗೆಯೇ. ಒಮಾನ್ ನೋಡಿ ವಾಪಸ್ ಬರುವಾಗ ನಿಮ್ಮನ್ನು ಬಿಟ್ಟು ಅವರನ್ನು ಮಾತ್ರ ನಿಲ್ಲಿಸ್ತಾರೆ.

ನನ್ನ ಮಾತು ಕೇಳುವುದಾದರೆ ಟೂರನ್ನು ಎರಡು ತುಂಡು ಮಾಡು. ಸೌದಿ, ಕತಾರ್, ಬಹ್ರೇನ್ ನೀವು ಮೂವರೇ, ಚಳಿಗಾಲದಲ್ಲಿ. ಒಮಾನ್ ಮಾತ್ರ ಅವರ ಜೊತೆ, ಅದೂ ಅವರು ಊರಿಗೆ ಹೊರಡುವ ಕೊನೆಯ ವಾರದಲ್ಲಿ. ಅವರಿಬ್ಬರಿಗೆ ಒಮಾನಿನ ಇ-ವೀಸಾ ಮೊದಲೇ ತೆಗಿ. ಸಲಾಲಾ ತೋರಿಸಿ ಮಸ್ಕತ್‌ಗೆ ಬಂದು ಅಲ್ಲಿಂದಲೇ ಮಂಗಳೂರಿಗೋ ಕಣ್ಣೂರಿಗೋ ವಿಮಾನ ಹತ್ತಿಸು. ವಾಪಸ್ ಯುಎಇಗೆ ಬರುವ ಪ್ರಶ್ನೆಯೇ ಇಲ್ಲ, ಎರಡನೇ ವೀಸಾದ ದುಡ್ಡೂ ಉಳೀತು. ಟಿಕೆಟ್ ಮಾಡುವಾಗಲೇ ಬರುವುದು ಅಬುಧಾಬಿಗೆ, ಹೋಗುವುದು ಮಸ್ಕತ್‌ನಿಂದ ಅಂತ ಮಾಡಬೇಕು, ಮತ್ತೆ ಬದಲಾಯಿಸಲಿಕ್ಕೆ ಹೋದರೆ ಟಿಕೆಟಿಗಿಂತ ದಂಡವೇ ಜಾಸ್ತಿ.

ಕಾರಿನ ಕಾಗದಕ್ಕೆ ಬರ್ತೇನೆ. ಮುಲ್ಕಿಯಾ, ಅಂದರೆ ಕಾರಿನ ರಿಜಿಸ್ಟ್ರೇಶನ್ ಕಾರ್ಡ್, ನಿನ್ನ ಹೆಸರಲ್ಲಿ ಉಂಟಾ ಅಂತ ಮೊದಲು ನೋಡು. ಕಂಪೆನಿ ಕಾರಾದರೆ ಕಂಪೆನಿಯ, ಬ್ಯಾಂಕ್ ಲೋನ್ ಬಾಕಿ ಇದ್ದರೆ ಬ್ಯಾಂಕಿನ ಎನ್‌ಒಸಿ ಬೇಕು. ಅದರಲ್ಲಿ ದೇಶಗಳ ಹೆಸರು, ತಾರೀಕು, ಓಡಿಸುವವರ ಹೆಸರು ಇರಲಿ, ಅರಬಿಯಲ್ಲಿ ಇರಲಿ. ಸುಮಾನೂ ಓಡಿಸ್ತಾಳಾದರೆ ಅವಳ ಹೆಸರೂ ಹಾಕಿಸು. ಗಡಿಯಲ್ಲಿ ಕಾರು ಒಳಗೆ ಹೋಗುವಾಗ ಓಡಿಸಿಕೊಂಡು ಬಂದವನ ಹೆಸರಿಗೆ ದಾಖಲಾಗ್ತದೆ, ಆಮೇಲೆ ಏನೋ ಅರ್ಜೆಂಟ್ ಅಂತ ಕಾರನ್ನು ಅಲ್ಲೇ ಬಿಟ್ಟು ವಿಮಾನದಲ್ಲಿ ಹೊರಟರೆ ಏರ್‌ಪೋರ್ಟಿನಲ್ಲಿ ತಡೀಬಹುದು.

ಇನ್ಶೂರೆನ್ಸಿನಲ್ಲಿ ಹೆಚ್ಚಿನವರು ಮೋಸ ಹೋಗುವುದು ಒಂದೇ ಕಡೆ. ಗಡಿಯಲ್ಲಿ ಕೊಡುವ ಪಾಲಿಸಿ ಸಾಮಾನ್ಯವಾಗಿ ಥರ್ಡ್ ಪಾರ್ಟಿ ಮಾತ್ರ. ಅಂದರೆ ನೀನು ಬೇರೆಯವರಿಗೆ ಗುದ್ದಿದರೆ ಅವರ ಕಾರಿಗೆ ಸಿಗ್ತದೆ, ನಿನ್ನ ಕಾರು ಒಂಟೆಗೆ ಗುದ್ದಿದರೆ ನಿನಗೆ ಚಿಕ್ಕಾಸೂ ಇಲ್ಲ. ನಿನ್ನ ಪಾಲಿಸಿಯಲ್ಲಿ ಯಾವ ಯಾವ ದೇಶಕ್ಕೆ ಅನ್ವಯ ಅಂತ ಒಂದು ಸಾಲು ಇರ್ತದೆ, ಅದನ್ನು ಓದು. ಯುಎಇ ಪಾಲಿಸಿ ಕೆಲವದರಲ್ಲಿ ಒಮಾನ್ ಸೇರಿಯೇ ಬರ್ತದೆ, ಆದರೂ ಗಡಿಯಲ್ಲಿ ತೋರಿಸಲಿಕ್ಕೆ ಆರೆಂಜ್ ಕಾರ್ಡ್, ಅಂದರೆ ಇನ್ಶೂರೆನ್ಸ್ ಆ ದೇಶದಲ್ಲೂ ಉಂಟು ಅನ್ನುವ ಕಾಗದ, ಕೇಳಿ ತೆಗೆದುಕೊಳ್ಳಬೇಕು. ಸೌದಿ ಕಡೆಗೆ ಸ್ವಂತ ಡ್ಯಾಮೇಜ್ ಸಹಿತ ವಿಸ್ತರಿಸಿ ಕೊಡಿ ಅಂತ ಹೊರಡುವ ವಾರದ ಮೊದಲೇ ಬರಹದಲ್ಲಿ ಕೇಳು. ಸಣ್ಣ ಗೀರಾದರೂ ಪೊಲೀಸ್ ರಿಪೋರ್ಟ್ ಮಾಡಿಸದೆ ಅಲ್ಲಿಂದ ಕಾರು ತೆಗೀಬೇಡ, ಅದಿಲ್ಲದೆ ಕ್ಲೇಮೂ ಇಲ್ಲ, ಗ್ಯಾರೇಜಿನವ ಬಾಡಿ ಕೆಲಸ ಮುಟ್ಟುವುದೂ ಇಲ್ಲ.

ಟಯರ್. ಬದಿಯಲ್ಲಿ ನಾಲ್ಕು ಅಂಕೆ ಇರ್ತದೆ, 2321 ಅಂತ ಇದ್ದರೆ 2021ನೇ ಇಸವಿಯ 23ನೇ ವಾರದ್ದು. ಐದು ವರ್ಷ ದಾಟಿದ್ದು ಬೇಡ, ಟಯರಿನ ಹಲ್ಲು ಎಷ್ಟೇ ಚೆಂದ ಕಾಣಲಿ. ಆ ಬಿಸಿಗೆ ರಬ್ಬರ್ ಒಳಗಿಂದ ಗಟ್ಟಿಯಾಗಿ ಬಿರುಕು ಬಿಡ್ತದೆ, ಒಡೆಯುವುದು ಸ್ಪೀಡಲ್ಲಿರುವಾಗ. ಗಾಳಿ ನೋಡುವುದು ಬೆಳಿಗ್ಗೆ, ಟಯರ್ ತಣ್ಣಗಿರುವಾಗ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಎರಡು ಅಳತೆ ಇದ್ದರೆ ಐದು ಜನ ಮತ್ತು ಲಗೇಜಿಗೆ ಹೇಳಿದ ದೊಡ್ಡದನ್ನೇ ಹಾಕು. ದಾರಿಯಲ್ಲಿ ಬಿಸಿಯಾಗಿ ಪ್ರೆಶರ್ ಏರಿತು ಅಂತ ಗಾಳಿ ಬಿಡಬೇಡ. ಹೊಸ ಕಾರುಗಳಲ್ಲಿ ಸ್ಟೆಪ್ನಿ ಬದಲು ಅಂಟಿನ ಡಬ್ಬಿ ಮತ್ತು ಸಣ್ಣ ಪಂಪ್ ಕೊಟ್ಟಿರ್ತಾರೆ. ಮೊಳೆ ಚುಚ್ಚಿದರೆ ಅದು ಸಾಕು, ಟಯರಿನ ಬದಿ ಸೀಳಿದರೆ ಯಾವ ಪ್ರಯೋಜನಕ್ಕೂ ಇಲ್ಲ. ಡಿಕ್ಕಿ ತೆಗೆದು ನೋಡಿಕೊ.

ಸಲಾಲಾ ದಾರಿ: ಅಲ್ ಐನ್, ಮಜ್ಯದ್ ಗಡಿ, ಇಬ್ರಿ, ನಿಜ್ವಾ, ಆದಮ್, ಹೈಮಾ, ತುಮ್ರೈತ್. ಮಸ್ಕತ್‌ನಿಂದ ಲೆಕ್ಕ ಹಾಕಿದರೆ ಸಾವಿರ ಕಿಲೋಮೀಟರ್ ಹತ್ತಿರ, ಹೈಮಾ ಹೆಚ್ಚುಕಡಿಮೆ ನಡುವೆ. ಒಂದೇ ಹೊಡೆತಕ್ಕೆ ಬೇಡ, ಅಪ್ಪಚ್ಚಿಯ ಸೊಂಟಕ್ಕೂ ಆಗದು. ನಿಜ್ವಾದಲ್ಲಿ ಒಂದು ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತಿಗೆ ಹೊರಡು. ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲಿಕ್ಕೆ ಬಿಡಬೇಡ. ಖರೀಫ್, ಅಂದರೆ ಅಲ್ಲಿಯ ಮಳೆ, ಜೂನ್ 21ರಿಂದ ಸೆಪ್ಟೆಂಬರ್ 21. ನಮ್ಮ ತುಳುನಾಡಿನ ಮಳೆಗಾಲದ ತಿಂಗಳು ಆಟಿ, ಸೋಣ ನೋಡಿದವರಿಗೆ ಆ ಜಿನುಗು ಮಳೆ ದೊಡ್ಡ ಸಂಗತಿಯಲ್ಲ, ಆದರೆ ಘಾಟಿ ಇಳಿಯುವಾಗ ಮಂಜು ಮುಚ್ತದೆ, ಅದರೊಳಗೆ ಒಂಟೆ ನಿಂತಿರ್ತದೆ. ಒಂಟೆಯ ಕಾಲು ಬಂಪರಿಗೆ ತಾಗಿದರೆ ಮೈಯಿಡೀ ಭಾರ ಬರುವುದು ಗಾಜಿನ ಮೇಲೆ. ಹಾಗಾಗಿ ಕತ್ತಲಾದ ಮೇಲೆ ಆ ರಸ್ತೆ ಬೇಡವೇ ಬೇಡ. ಸೌದಿಯಿಂದ ನೇರ ಇಬ್ರಿಗೆ ಬರುವ ರುಬ್ ಅಲ್ ಖಾಲಿ ರಸ್ತೆ 2021ರ ಡಿಸೆಂಬರಿನಲ್ಲಿ ತೆರೆದದ್ದು ಹೌದು, ಒಂದು ಗಡಿ ಉಳೀತದೆ. ಆದರೆ 700 ಕಿಲೋಮೀಟರಿಗೂ ಹೆಚ್ಚು ಬರೀ ಮರಳು, ಸಣ್ಣ ಮಗುವನ್ನು ಕಟ್ಟಿಕೊಂಡು ಹೋಗುವ ದಾರಿಯಲ್ಲ.

ಬಹ್ರೇನಿಗೆ ಗುರುವಾರ ಸಂಜೆ ಹೊರಡಬೇಡ. ಸೌದಿಗೆ ಶುಕ್ರವಾರ, ಶನಿವಾರ ರಜೆ, ಕಾಸ್‌ವೇ ಪೂರಾ ಜಾಮ್. ಇದ್ದದ್ದು 25 ಕಿಲೋಮೀಟರ್ ಸೇತುವೆ, ನಡುವಿನ ದ್ವೀಪದಲ್ಲಿ ಎರಡೂ ದೇಶದ ತಪಾಸಣೆ. ಸೌದಿ, ಕತಾರ್, ಬಹ್ರೇನ್ ಮೂರರಲ್ಲೂ ಗಡಿಯಾರ ಯುಎಇಗಿಂತ ಒಂದು ಗಂಟೆ ಹಿಂದೆ, ಹೋಟೆಲಿಗೆ ಹೊತ್ತು ಹೇಳುವಾಗ ನೆನಪಿರಲಿ. ಸೌದಿಯಲ್ಲಿ ಪೆಟ್ರೋಲ್ 91 ಹಸಿರು, 95 ಕೆಂಪು, ನಿನ್ನ ಕಾರಿಗೆ ಯಾವುದು ಅಂತ ಟ್ಯಾಂಕಿನ ಮುಚ್ಚಳದಲ್ಲೇ ಬರೆದಿರ್ತದೆ.

ದಿನೇಶ ಭಾವ ಕೇಳಿದ್ರಲ್ಲ, ನಮ್ಮ ಕಾಸರಗೋಡು ನಂಬರಿನ ಕೆಎಲ್-14 ಗಾಡಿಯನ್ನೇ ಹಡಗಿನಲ್ಲಿ ತಂದು ತಿರುಗಾಡಬಹುದಾ ಅಂತ. ಆಗ್ತದೆ ಭಾವ, ಆದರೆ ಅದಕ್ಕೆ ಕಾರ್ನೆ ಅಂತ ಒಂದು ಪುಸ್ತಕ ಬೇಕು, ಬ್ಯಾಂಕ್ ಗ್ಯಾರಂಟಿ ಇಟ್ಟು ಮಾಡಿಸುವಂಥದ್ದು, ಒಂದು ವರ್ಷಕ್ಕೆ. ಒಂದು ದೇಶದೊಳಗೆ ಹೋಗುವ ಪ್ರತಿ ಸಲಕ್ಕೆ ಒಂದು ಹಾಳೆ, ಒಳಗೆ ಹೋಗುವಾಗ ಒಂದು ಸೀಲು, ಹೊರಗೆ ಬರುವಾಗ ಒಂದು. ಹೊರಗಿನ ಸೀಲು ತಪ್ಪಿದರೆ ಕಾರನ್ನು ಅಲ್ಲೇ ಮಾರಿದ್ದೀರಿ ಅಂತ ಲೆಕ್ಕ, ಸುಂಕ ನಿಮ್ಮ ಗ್ಯಾರಂಟಿಯಿಂದ ಹೋಗ್ತದೆ. ಮತ್ತೆ ನಿಮ್ಮ ಸ್ಟೇರಿಂಗ್ ಬಲಕ್ಕೆ, ಅಲ್ಲಿ ಓಡಿಸುವುದೂ ಬಲಕ್ಕೆ. ಲಾರಿ ಹಿಂದೆ ಸಿಕ್ಕಿದರೆ ಎದುರಿನದ್ದು ಕಾಣುವುದು ಪಕ್ಕದಲ್ಲಿ ಕೂತ ಅಕ್ಕನಿಗೆ ಮಾತ್ರ. ಕಾಸರಗೋಡು ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಸಿಗ್ತದೆ, ಫಾರ್ಮ್ 4ಎ, 1000 ರೂಪಾಯಿ, ಅದಕ್ಕೂ ಒಂದೇ ವರ್ಷ.

ಚಿಕ್ಕಮ್ಮಾ, ಇದು ನಿಮಗೆ. ಊರಿನಿಂದ ಹಪ್ಪಳ, ಸೆಂಡಿಗೆ, ಮಿಡಿ ಉಪ್ಪಿನಕಾಯಿ ಮನೆ ಖರ್ಚಿಗೆ ಬೇಕಾದಷ್ಟು ತನ್ನಿ. ಗಸಗಸೆ ಮಾತ್ರ ಒಂದು ಚಿಟಿಕೆಯೂ ಬೇಡ, ಮಸಾಲೆ ಪುಡಿಗೆ ಹಾಕಿ ಹುರಿದದ್ದೂ ಬೇಡ. ಅಲ್ಲಿ ಅದು ಅಫೀಮಿನ ಲೆಕ್ಕದಲ್ಲಿ ಬರ್ತದೆ, ಜೈಲಿನ ವಿಷಯ. ಎಲೆ ಅಡಿಕೆ ಚೀಲ, ಹೊಗೆಸೊಪ್ಪು ಮನೆಯಲ್ಲೇ ಇರಲಿ. ಅಪ್ಪಚ್ಚಿಯ ನೋವಿನ ಮಾತ್ರೆಯಲ್ಲಿ ಟ್ರಮಡಾಲ್, ಕೊಡೀನ್ ಅಥವಾ ಪ್ರೀಗಾಬಲಿನ್ ಅಂತ ಬರೆದಿದೆಯಾ ನೋಡಿ ಸ್ಟ್ರಿಪ್ಪಿನ ಫೋಟೋ ಈ ಗ್ರೂಪಿಗೇ ಹಾಕಿ. ಇದ್ದರೆ ಡಾಕ್ಟರಲ್ಲಿ ಹೇಳಿ ಬೇರೆ ಮಾತ್ರೆ ಬರೆಸಿಕೊಳ್ಳುವುದು ಒಳ್ಳೆಯದು. ಉಳಿದ ಮಾತ್ರೆ ಡಬ್ಬಿಗೆ ಸುರಿಯದೆ ಸ್ಟ್ರಿಪ್ಪಿನಲ್ಲೇ ಇರಲಿ, ಚೀಟಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದಿರಲಿ.

ರವಿ, ನೀನು ಇವತ್ತು ರಾತ್ರಿ ಎರಡು ಕೆಲಸ ಮಾಡು: ಸಣ್ಣವನ ಪಾಸ್‌ಪೋರ್ಟಿನ ತಾರೀಕು, ಮುಲ್ಕಿಯಾದ ಎರಡೂ ಬದಿಯ ಫೋಟೋ, ಎರಡನ್ನೂ ನನಗೆ ಬೇರೆಯಾಗಿ ಕಳಿಸು, ಗ್ರೂಪಿಗೆ ಹಾಕಬೇಡ. ಹೋಟೆಲ್ ಕ್ಯಾನ್ಸಲ್ ಮಾಡಲಿಕ್ಕೆ ಎಷ್ಟು ದಿನ ಉಂಟು ಅಂತಲೂ ನೋಡಿ ಹೇಳು.