ಪದ ಬೇಕು (ತುರ್ತು): ಕರ್ನೆಲ್‌ನ ‘ಸ್ಥಳೀಯ ದುರ್ಬಲತೆ’

ಗೆಳೆಯರೇ,
ತುಮಕೂರಿನ ನಮ್ಮ ಕಾಲೇಜಿನ ಲ್ಯಾಬ್ ಕೈಪಿಡಿ ಸಂಜೆ ಐದಕ್ಕೆ ಪ್ರೆಸ್ಸಿಗೆ ಹೋಗಬೇಕು. ‘ಲಿನಕ್ಸ್ ಕರ್ನೆಲ್‌ನ (ಯಂತ್ರವನ್ನು ನಡೆಸುವ ತಂತ್ರಾಂಶದ ನಡುಭಾಗದ) ಸ್ಥಳೀಯ ಭದ್ರತಾ ದುರ್ಬಲತೆ’ ಎಂದು, ಇಂಗ್ಲಿಷಿನ ‘ಲೋಕಲ್’ಗೆ ‘ಸ್ಥಳೀಯ’ ಹಾಕಿ ಬರೆದಿದ್ದೆ. ಕರಡು ನೋಡಿದ ಪ್ರೆಸ್ಸಿನವರು, ‘ಇದು ತುಮಕೂರಿನಲ್ಲಿ ಮಾತ್ರವೇ ಸಾರ್?’ ಎಂದು ಕೇಳಿದರು. ಅವರ ತಪ್ಪಲ್ಲ. ಹೇಳಬೇಕಾದದ್ದು ಊರಿನ ಮಾತಲ್ಲ. ಯಂತ್ರದಲ್ಲಿ ಈಗಾಗಲೇ ಸಾಮಾನ್ಯ ಖಾತೆ ಇರುವವನು ರೂಟ್ ಅಧಿಕಾರ, ಅಂದರೆ ಇಡೀ ಯಂತ್ರದ ಯಜಮಾನಿಕೆ, ಕಿತ್ತುಕೊಳ್ಳುವ ಅಪಾಯ. ಪದ ಕೊಡಿ.

ಕೋಲಾರದಿಂದ:
‘ದುರ್ಬಲತೆ’ ಬೇಡವೇ ಬೇಡ. ಅದು ಜ್ವರ ಬಿಟ್ಟ ಮೈಗೆ ಹೇಳುವ ಮಾತು. ಕಂಡಿ ಎನ್ನಿ. ಬೇಲಿಯಲ್ಲಿ ದನ ನುಗ್ಗುವ ಜಾಗ ಕಂಡಿ, ಕೆರೆಯ ಏರಿ ಒಡೆದರೂ ಕಂಡಿ. ಕಳ್ಳ ಗೋಡೆ ಕೊರೆದರೆ ಅದು ಕನ್ನ. ಕಂಡಿ ಉಳಿದುಹೋದದ್ದು, ಕನ್ನ ಹಾಕಿದ್ದು. ಲಿನಕ್ಸ್ ಕರ್ನೆಲ್‌ನಲ್ಲಿದ್ದ ‘ಡರ್ಟಿ ಕೌ’ ಎಂಬ ಕಂಡಿ ನೋಡಿ: ಓದಲಷ್ಟೇ ಅನುಮತಿಯಿದ್ದ ಕಡತದ ಮೇಲೆ ಬರೆಯಹೊರಟರೆ ಬರಹ ನಕಲಿಗೆ ಬೀಳಬೇಕು. ಎರಡು ಕೆಲಸಗಳು ಪೈಪೋಟಿಗೆ ಬಿದ್ದ ಕ್ಷಣದಲ್ಲಿ ಅದು ಅಸಲಿಗೇ ಬೀಳುತ್ತಿತ್ತು. ಆ ಕಂಡಿ 2007ರಿಂದಲೇ ಇತ್ತು. 2016ರ ಅಕ್ಟೋಬರ್‌ನಲ್ಲಿ ಬಯಲಾಗುವ ಹೊತ್ತಿಗೆ ಕನ್ನವೂ ಬಿದ್ದಿತ್ತು. ಎರಡಕ್ಕೂ ಒಂದೇ ಸಂಸ್ಕೃತ ಪದ ಹೊದಿಸಿದರೆ ಕೈಪಿಡಿ ಓದುವ ಹುಡುಗನಿಗೆ ಏನು ತಿಳಿದೀತು?

ಚಿಕ್ಕಬಳ್ಳಾಪುರದಿಂದ:
ಕಂಡಿ ತೆಲುಗಿನ ‘ಗಂಡಿ’. ಗಡಿಯಾಚೆಯಿಂದ ಬಂದದ್ದು. ಅಚ್ಚಗನ್ನಡ ಬೇಕಿದ್ದರೆ ‘ಬಿರುಕು’. ಕರ್ನೆಲ್ ಕೂಡ ಏಕೆ? ‘ತಿರುಳು’ ಸಾಲದೇ?

ಕೋಲಾರದಿಂದ:
ತಪ್ಪು. ತಮಿಳಿನಲ್ಲೂ ಕಂಡಿ ಇದೆ. ಒಡಹುಟ್ಟಿದ್ದನ್ನು ಎರವಲು ಎನ್ನುವುದು ಅನ್ಯಾಯ. ಇನ್ನು ಬಿರುಕಿನಲ್ಲಿ ನೀರು ಜಿನುಗೀತು, ಆಳು ನುಸುಳಲಾರ. ತಿರುಳು ಹಲಸಿನ ಹಣ್ಣಿಗಿರಲಿ. ಲ್ಯಾಬಿನಲ್ಲಿ ಯಾರ ಬಾಯಲ್ಲೂ ಕರ್ನೆಲ್ ಬಿಟ್ಟು ಬೇರೆ ಮಾತಿಲ್ಲ. ನಾನು ಮೇಲೆ ಬಳಸಿದ ಅಸಲು, ನಕಲು ಎರಡೂ ಅರಬ್ಬಿಯವು. ಅವನ್ನೂ ಹೊರಗಟ್ಟುತ್ತೀರಾ?

ಚಿಕ್ಕಬಳ್ಳಾಪುರದಿಂದ:
ಹೌದು. ‘ಮೂಲ’ ಇದೆಯಲ್ಲ.

ಕೋಲಾರದಿಂದ:
‘ಮೂಲ’ ಸಂಸ್ಕೃತ. ಮುಗಿಯಿತು.

ತುಮಕೂರಿನಿಂದ:
ಹಿರಿಯರೇ, ನಾಲ್ಕೂವರೆ ಆಯಿತು. ನಾನು ಕೇಳಿದ್ದು ‘ಸ್ಥಳೀಯ’ಕ್ಕೆ ಪದ, ಅದನ್ನು ಯಾರೂ ಮುಟ್ಟಲಿಲ್ಲ. ‘ಒಳಗಿನ ಕಂಡಿ’ ಎಂದರೆ ಕಂಡಿ ಒಳಗಿದೆ ಎಂದಷ್ಟೇ ಆಗುತ್ತದೆ, ಒಳಗಿರಬೇಕಾದವನು ನುಗ್ಗುವವನು. ಆದ್ದರಿಂದ ವಿಶೇಷಣವನ್ನೇ ಬಿಟ್ಟು ಹೀಗೆ ಕಳುಹಿಸುತ್ತಿದ್ದೇನೆ: ‘ಕರ್ನೆಲ್‌ನಲ್ಲಿ, ಯಂತ್ರದಲ್ಲಿ ಖಾತೆ ಇದ್ದವರಿಗಷ್ಟೇ ಸಿಗುವ ಕಂಡಿಗಳೂ ಇರುತ್ತವೆ. ನೆಟ್ ತೆಗೆದಿಟ್ಟರೂ ಅವು ಮುಚ್ಚುವುದಿಲ್ಲ. ಅಪ್‌ಡೇಟ್ ಮಾಡಿ, ಯಂತ್ರವನ್ನು ಮರಳಿ ಚಾಲೂ ಮಾಡಿ.’